ದವಾಖಾನೆಯ ಗೋಡೆಯ ಮೇಲಿನ ಹಿಮ

ಎದೆರೋಗದ ದವಾಖಾನೆಯಲ್ಲಿ ಪಾಳಿ ಕಾಯುವ ಮಂದಿಗೆ ಹಿಮ ಬೀಳುವ ಬೀದಿಯ ಚಿತ್ರ ತೋರಿಸಬೇಕೆಂದು ಯಾವ ಪುಣ್ಯಾತ್ಮನಿಗೆ ಹೊಳೆಯಿತೋ ಗೊತ್ತಿಲ್ಲ. ಸಿಕ್ಕರೆ ಒಂದು ಮಾತು ಕೇಳಬೇಕೆಂದಿದ್ದೇನೆ. ಹೊರಗೆ ಕಲಬುರಗಿಯ ಬೇಸಿಗೆ. ಒಳಗೆ ನಲವತ್ತು ಕುರ್ಚಿ, ಅರವತ್ತು ಮಂದಿ, ಮೂರು ಫ್ಯಾನು, ಅದರಲ್ಲಿ ಒಂದು ತಿರುಗುವುದಿಲ್ಲ. ಎಲ್ಲರೂ ಕೆಮ್ಮುತ್ತಿರುತ್ತೇವೆ. ಎದುರಿನ ಗೋಡೆಯ ಮೇಲೆ ಮಾತ್ರ ಯಾವುದೋ ದೇಶದ ಯಾವುದೋ ಪಟ್ಟಣದಲ್ಲಿ ತಣ್ಣಗೆ ಹಿಮ ಬೀಳುತ್ತಿರುತ್ತದೆ.

ಕೌಂಟರಿನಲ್ಲಿ ಕುಳಿತ ಹೆಣ್ಣುಮಗಳನ್ನು ಒಮ್ಮೆ ಕೇಳಿದ್ದೆ. "ಪೇಷಂಟ್ ಮನಸು ಶಾಂತ ಇರ್ಲಿ ಅಂತ ಹಾಕ್ಯಾರ್ರಿ ಕಾಕಾ," ಅಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಶಾಂತ ಎಂಬ ಆ ಮಾತಿನ ಮೇಲೆ ಇದೆ. ಎರಡು ವರ್ಷದಿಂದ ಕಂಡವರೆಲ್ಲ ನನಗೆ ಶಾಂತ ಇರು ಎಂದೇ ಹೇಳಿದ್ದಾರೆ. ಸಿಟ್ಟು ಮಾಡಿದರೆ ನನಗೆ ಏದುಸಿರು ಬರುತ್ತದೆ, ಅದು ಖರೆ. ಆದರೂ ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ, ನಡುನಡುವೆ ಉಸಿರಿನ ಔಷಧದ ಪಂಪು ಸೇದಿಕೊಂಡು. ನನ್ನಂಥವರು ಆ ಕುರ್ಚಿಗಳ ಮೇಲೆ ಇನ್ನೂ ಕುಳಿತಿದ್ದಾರೆ. ಅವರಲ್ಲಿ ಒಬ್ಬರಾದರೂ ಓದಲಿ.

ನಾನು ಶಹಾಬಾದಿನವನು. ಹೆಸರು ಅಮೃತಪ್ಪ. ಅಮೃತ ಪೇಂಟರ್ ಅಂದರೆ ಊರಿನ ಹಳಬರಿಗೆ ಗೊತ್ತಾಗುತ್ತದೆ. ಕಿರಾಣಿ ಅಂಗಡಿಯ ಬೋರ್ಡು, ಲಾರಿಯ ಹಿಂದಿನ ನವಿಲು, ಶಾಲೆಯ ಗೋಡೆಯ ಮೇಲಿನ ನಕಾಶೆ, ಎಲ್ಲ ಬರೆದವನು. ಚಿತ್ತಾಪುರದ ಒಂದು ಫೋಟೋ ಸ್ಟುಡಿಯೋಗೆ ಹಿಮದ ಬೆಟ್ಟದ ಪರದೆಯನ್ನೂ ಬರೆದುಕೊಟ್ಟಿದ್ದೆ. ಹೊಸದಾಗಿ ಮದುವೆಯಾದವರು ಅದರ ಮುಂದೆ ನಿಂತು, ಮುಖದ ಬೆವರು ಒರೆಸಿಕೊಂಡು, ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹಿಮವನ್ನು ನಾನು ಕಣ್ಣಾರೆ ಕಂಡವನಲ್ಲ. ಬರೆಯುವ ಗುಟ್ಟು ಮಾತ್ರ ಗೊತ್ತು. ಬಿಳಿ ಕಡಿಮೆ ಹಾಕಬೇಕು, ನೀಲಿ ಹೆಚ್ಚು ಹಾಕಬೇಕು. ಬರೀ ಬಿಳಿ ಬಳಿದರೆ ಸುಣ್ಣ ಹೊಡೆದ ಹಾಗೆ ಕಾಣುತ್ತದೆ.

ಆಮೇಲೆ ಫ್ಲೆಕ್ಸ್ ಬಂತು. ನಾನು ಎರಡು ದಿನ ಬರೆಯುವ ಬೋರ್ಡನ್ನು ಯಂತ್ರ ಹತ್ತು ನಿಮಿಷಕ್ಕೆ ಉಗುಳತೊಡಗಿತು. ಕುಂಚ ಹಿಡಿದವರೆಲ್ಲ ಒಬ್ಬೊಬ್ಬರಾಗಿ ಬೇರೆ ಕೆಲಸಕ್ಕೆ ಹೊರಟರು. ನನ್ನನ್ನು ಊರ ಹೊರಗಿನ ಒಂದು ಕಲ್ಲಿನ ಶೆಡ್ಡಿನ ಸಾವಕಾರ ಕರೆದ. ಅಡಿಗಲ್ಲು, ಉದ್ಘಾಟನೆಯ ಕಲ್ಲು, ಸಮಾಧಿಯ ಕಲ್ಲು, ಮಠಕ್ಕೆ ದಾನ ಕೊಟ್ಟವರ ಹೆಸರಿನ ಕಲ್ಲು, ಇವುಗಳ ಮೇಲೆ ಅಕ್ಷರ ಕೊರೆಯುವ ಶೆಡ್ಡು ಅದು. ಕರಿ ಕಲ್ಲಿನ ಮೇಲೆ ರಬ್ಬರ್ ಹಾಳೆ ಅಂಟಿಸುತ್ತಾರೆ. ಅದರ ಮೇಲೆ ನಾನು ಅಕ್ಷರ ಬರೆದು ಬ್ಲೇಡಿನಿಂದ ಕೊಯ್ಯುತ್ತೇನೆ. ಕೊಯ್ದ ಜಾಗಕ್ಕೆ ಕಂಪ್ರೆಸರ್ ಪೈಪಿನಿಂದ ಮರಳು ಹೊಡೆಯುತ್ತೇವೆ. ರಬ್ಬರ್ ಇದ್ದಲ್ಲಿ ಕಲ್ಲು ಉಳಿಯುತ್ತದೆ, ಇಲ್ಲದಲ್ಲಿ ಅಕ್ಷರ ಇಳಿಯುತ್ತದೆ. ಹತ್ತು ಅಡಿಯ ಕೋಣೆ. ಗಾಳಿಗೆ ಧೂಳು ಹಾರಿದರೆ ಪಕ್ಕದ ಅಂಗಡಿಯವರು ಜಗಳ ತೆಗೆಯುತ್ತಾರೆಂದು ಕಿಟಕಿಗೆ ಗೋಣಿತಟ್ಟು ಹೊಡೆದಿದ್ದರು. ಪೈಪು ಚಾಲೂ ಆದರೆ ಎದುರಿಗೆ ನಿಂತವನ ಮುಖ ಕಾಣುತ್ತಿರಲಿಲ್ಲ.

ಸಂಜೆ ಕೆಲಸ ಮುಗಿದ ಮೇಲೆ ಸಾವಕಾರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದೊಂದು ಉಂಡೆ ಬೆಲ್ಲ ಕೊಡುತ್ತಿದ್ದ. "ತಿನ್ರಿ, ಧೂಳು ಹೊಟ್ಟಿಗಿ ಇಳೀತದ," ಅನ್ನುತ್ತಿದ್ದ. ನಮ್ಮ ಕಡೆ ಕಲ್ಲಿನ ಕೆಲಸದಲ್ಲಿ, ಸಿಮೆಂಟಿನ ಕೆಲಸದಲ್ಲಿ, ಹತ್ತಿಯ ಮಿಲ್ಲಿನಲ್ಲಿ, ಎಲ್ಲ ಕಡೆ ಇದೇ ನಂಬಿಕೆ. ಬೆಲ್ಲ ತಿಂದರೆ ಗಂಟಲು, ಎದೆ ಎರಡೂ ತೊಳೆದುಹೋಗುತ್ತದಂತೆ. ನಮ್ಮಪ್ಪನೂ ತಿಂದವನು. ನಾನೂ ಹನ್ನೊಂದು ವರ್ಷ ತಿಂದೆ. ಮೂಗಿಗೆ ಒಂದು ವಸ್ತ್ರ ಸುತ್ತಿಕೊಂಡರೆ ಸಾವಕಾರ ನಗುತ್ತಿದ್ದ. "ಏನೊ ಪೇಂಟರ್, ಹೊಸಾ ಸೊಸಿ ಹಂಗ ಮುಸುಕು ಹಾಕಿದ್ಯಲ್ಲ," ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನು ವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದೆ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ತಡಮಾಡಿದರೆ ಬರೆಯುವ ಧೈರ್ಯ ಹೋಗುತ್ತದೆ. ನನ್ನ ತಮ್ಮ ರೇವಣಸಿದ್ಧನನ್ನು ಆ ಕೋಣೆಗೆ ಕರೆದುಕೊಂಡು ಹೋದವನು ನಾನೇ. ನನಗಿಂತ ಹದಿನಾರು ವರ್ಷ ಸಣ್ಣವನು. ಅಪ್ಪ ತೀರಿದ ಮೇಲೆ ನಾನೇ ಸಾಕಿದೆ. "ಬಿಸಿಲಾಗ ಗಣಿ ಕೆಲ್ಸ ಯಾಕೊ, ಶೆಡ್ಡಿನ್ಯಾಗ ನೆರಳದ, ಬಾ," ಎಂದು ಕೈಹಿಡಿದು ತಂದು ಪೈಪು ಕೊಟ್ಟೆ. ಈ ಬರಹದಲ್ಲಿರುವ ಸಿಟ್ಟಿನ ಅರ್ಧ ನನ್ನ ಮೇಲಿನದು.

ಕೆಮ್ಮು ಶುರುವಾದಾಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಶಹಾಬಾದಿನಲ್ಲಿ ಕೆಮ್ಮದವರು ಯಾರು? ಆಮೇಲೆ ಸ್ಟೇಷನ್ನಿನ ಸೇತುವೆ ಹತ್ತುವಾಗ ನಡುವೆ ಒಮ್ಮೆ ನಿಲ್ಲತೊಡಗಿದೆ, ಆಮೇಲೆ ಎರಡು ಸಲ. ಮೈ ಇಳಿಯಿತು. ಹೆಂಡತಿ ಜಗದೇವಿ ಒಂದು ದಿನ ನನ್ನ ಅಂಗಿಯನ್ನು ತೋರಿಸಿ, "ಇದು ನಿಮ್ದೋ, ನಿಮ್ಮಣ್ಣಂದೋ?" ಎಂದಳು. ನನಗೆ ಅಣ್ಣನೇ ಇಲ್ಲ. ಮರುದಿನವೇ ಊರ ಹತ್ತಿರದ ಒಂದು ದವಾಖಾನೆಗೆ ಎಳೆದುಕೊಂಡು ಹೋದಳು.

ಆ ದವಾಖಾನೆಯ ಹೆಸರು ಬರೆಯುವುದಿಲ್ಲ. ಆದರೆ ಬಾಗಿಲಲ್ಲಿ ಇರುವ ಉದ್ಘಾಟನೆಯ ಕಲ್ಲು ನಾನೇ ಕೊರೆದದ್ದು. ಇಪ್ಪತ್ತೆರಡು ಹೆಸರು. ಒಬ್ಬ ಮೆಂಬರನ ಹೆಸರು ಇನ್ನೊಬ್ಬನ ಕೆಳಗೆ ಬಂತೆಂದು ಇಡೀ ಕಲ್ಲನ್ನು ಎರಡನೇ ಸಲ ಮಾಡಿಸಿದ್ದರು. ಎರಡು ಸಲದ ಧೂಳೂ ನನ್ನ ಎದೆಯೊಳಗೇ ಇದೆ. ಅವತ್ತು ನಾನು ಆ ಕಲ್ಲಿಗೆ ಕೈ ಊರಿ ಸುಧಾರಿಸಿಕೊಂಡು ಒಳಗೆ ಹೋದರೆ ಎದೆ ನೋಡುವ ಡಾಕ್ಟರು ಆ ದವಾಖಾನೆಗೆ ಇನ್ನೂ ಬಂದೇ ಇರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಅದನ್ನು ಕಲ್ಲಿನಲ್ಲಿ ಕೊರೆದುಕೊಟ್ಟವನು ನಾನು.

ಅಲ್ಲಿದ್ದ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದರು. ಬಿಳಿ ಚುಕ್ಕೆ ಕಂಡವು. "ಟಿಬಿ," ಅಂದರು. ಕಫ ಪರೀಕ್ಷೆ ಮಾಡಿಸಿದರು. ಅದರಲ್ಲಿ ಏನೂ ಇಲ್ಲವೆಂದು ಬಂತು. "ಒಮ್ಮೊಮ್ಮೆ ಹಂಗೇ ಬರ್ತದ," ಎಂದು ಗುಳಿಗೆ ಶುರುಮಾಡಿದರು. ಇನ್ನೂ ಎರಡು ಸಲ ಪರೀಕ್ಷೆಯಾಯಿತು, ಎರಡು ಸಲವೂ ಏನೂ ಇಲ್ಲ. ಗುಳಿಗೆ ಮಾತ್ರ ಎಂಟು ತಿಂಗಳು ನಿಲ್ಲಲಿಲ್ಲ. ಮೂತ್ರ ಕೆಂಪಾಯಿತು, ಬಾಯಿ ರುಚಿ ಹೋಯಿತು, ಕಾಲು ಉರಿಯಿತು, ಕೆಮ್ಮು ಇದ್ದಲ್ಲೇ ಇತ್ತು. ಏನು ಕೆಲಸ ಮಾಡುತ್ತೀ ಎಂದು ಒಬ್ಬರೂ ಬಾಯಿಬಿಟ್ಟು ಕೇಳಲಿಲ್ಲ. ಬೀಡಿ ಸೇದುತ್ತೀಯಾ ಎಂದು ಮಾತ್ರ ನಾಲ್ಕು ಮಂದಿ ಕೇಳಿದರು. ಸೇದುವುದಿಲ್ಲ ಎಂದರೆ ನಂಬದ ಮುಖ ಮಾಡಿದರು.

ಟಿಬಿ ಎಂಬ ಎರಡಕ್ಷರ ನಮ್ಮ ಓಣಿಯಲ್ಲಿ ನನಗಿಂತ ಮೊದಲು ಮನೆ ಮುಟ್ಟಿತು. ಚಹಾದ ಅಂಗಡಿಯವ ನನಗೆ ಕಾಗದದ ಕಪ್ಪಿನಲ್ಲಿ ಕೊಡತೊಡಗಿದ. ಮಗಳನ್ನು ಚಿಂಚೋಳಿಗೆ ಕೊಟ್ಟಿದ್ದೇವೆ. ಅದೇ ವರ್ಷ ಅವಳಿಗೆ ಹೆಣ್ಣು ಕೂಸು ಹುಟ್ಟಿತು. ನಾನು ಹೋದರೆ ಬೀಗರು ಅಂಗಳದಲ್ಲಿ ಕುರ್ಚಿ ಹಾಕಿದರು. "ಇಲ್ಲೇ ಕುಂದ್ರಿ ಬೀಗರ, ಗಾಳಿ ಚಲೋ ಅದ," ಅಂದರು. ಕೂಸನ್ನು ಹೊಸ್ತಿಲ ಒಳಗೇ ನಿಂತು ಮೇಲೆತ್ತಿ ತೋರಿಸಿದರು. ಮಗಳು ಅಳುತ್ತಿದ್ದಳು. ನಾನು ದೂರದಿಂದಲೇ ಚಿಟಿಕೆ ಹೊಡೆದು ಎದ್ದು ಬಂದೆ. ಬಸ್ಸಿನಲ್ಲಿ ಇಡೀ ದಾರಿ ಹಲ್ಲು ಕಚ್ಚಿ ಕುಳಿತಿದ್ದೆ.

ಜಗದೇವಿ ಮಾತ್ರ ನನ್ನ ತಟ್ಟೆಯನ್ನು ಬೇರೆ ಇಡಲಿಲ್ಲ. ನೆರೆಮನೆಯವಳು ಹೇಳಿಕೊಡಲು ಬಂದರೆ, "ಹಾಂ ಅಕ್ಕಾ, ಇಡ್ತೀನಿ," ಎಂದು ಕಳಿಸಿ, ಅದೇ ತಟ್ಟೆಯಲ್ಲಿ ನಾನು ಬಿಟ್ಟ ಅರ್ಧ ರೊಟ್ಟಿಯನ್ನು ತಾನು ಉಂಡಳು. ಅದು ಸರಿಯಲ್ಲವೆಂದು ಡಾಕ್ಟರು ಬೈಯಬಹುದು. ಬೈಯಲಿ. ಆ ಎಂಟು ತಿಂಗಳಲ್ಲಿ ನನ್ನನ್ನು ಮನುಷ್ಯನಾಗಿ ಉಳಿಸಿದ್ದು ಆ ತಟ್ಟೆ.

ರೇವಣಸಿದ್ಧ ದಿನಾ ಶೆಡ್ಡಿಗೆ ಹೋಗುತ್ತಲೇ ಇದ್ದ. ನಾನಿಲ್ಲದ ಕಾರಣ ನನ್ನ ಪಾಲಿನ ಪೈಪೂ ಅವನ ಕೈಗೇ ಬಂದಿತ್ತು. ಅವನಿಗೂ ಬೆಳಿಗ್ಗೆ ಸಣ್ಣಗೆ ಕೆಮ್ಮು. ಗೋಡೆಯಾಚೆ ನನಗೆ ಕೇಳಿಸುತ್ತಿತ್ತು.

"ರೇವಣ್ಯಾ, ಆ ಧೂಳು ನನಗ್ಯಾಕೊ ಸರಿ ಕಾಣವಲ್ದು. ಕೆಲ್ಸ ಬಿಡು," ಎಂದೆ.

"ನಿನಗ ಟಿಬಿ ಆಗ್ಯಾದಣ್ಣಾ. ಧೂಳಿಗಿ ಯಾಕ ಬೈಲಿಕತ್ತಿ? ಹೋಟೆಲ್ ಕಪ್ಪಿನಿಂದ ಬಂದಿರ್ತದ. ಕಾಗದದಾಗ ಡಾಕ್ಟರೇ ಬರದಾರಲ್ಲ," ಎಂದ.

ಕಾಗದದ ಮೇಲೆ ಟಿಬಿ ಎಂದು ಇರುವ ತನಕ ಅವನು ಪೈಪು ಕೆಳಗಿಡುವುದಿಲ್ಲ. ನನಗೆ ಆಗ ಬೇಕಾಗಿದ್ದು ಇಷ್ಟೇ, ನನ್ನ ರೋಗಕ್ಕೆ ಖರೆ ಹೆಸರು. ನನಗೆ ಗುಣವಾಗಲಿ ಬಿಡಲಿ, ಅವನು ಆ ಕೋಣೆಯಿಂದ ಹೊರಗೆ ಬರಬೇಕಿತ್ತು.

ಗುಳಿಗೆಗೆ ಬಗ್ಗದ ಟಿಬಿ ಇರಬೇಕೆಂದು ನನ್ನನ್ನು ಕಲಬುರಗಿಗೆ ಕಳಿಸಿದರು. ಆ ಚಿತ್ರದ ಕೆಳಗಿನ ಕುರ್ಚಿಗೆ ನಾನು ಬಂದು ಕುಳಿತದ್ದು ಹೀಗೆ.

ಕೌಂಟರಿನ ಹೆಣ್ಣುಮಗಳು ಹೆಸರು, ವಯಸ್ಸು, ಊರು ಬರೆದುಕೊಂಡು, "ಉದ್ಯೋಗ ಏನ್ರಿ ಕಾಕಾ?" ಎಂದು ಕೇಳಿದಳು. ನಾನು, "ಪೇಂಟರ್," ಎಂದೆ. ಇದನ್ನು ನೆನೆದರೆ ಈಗಲೂ ಹಣೆ ಚಚ್ಚಿಕೊಳ್ಳಬೇಕೆನಿಸುತ್ತದೆ. ಕುಂಚ ಬಿಟ್ಟು ಹನ್ನೊಂದು ವರ್ಷವಾಗಿತ್ತು. ಆದರೆ ಕಲ್ಲಿನ ಕೂಲಿ ಎಂದು ಬರೆಸಲು ನಾಲಿಗೆ ಏಳಲಿಲ್ಲ. ಜೀವನದಲ್ಲಿ ಒಂದೇ ಒಂದು ಸಲ ದವಾಖಾನೆಯವರು ಕೇಳಬೇಕಾದ ಪ್ರಶ್ನೆ ಕೇಳಿದರೆ ನಾನು ಜಂಬದಿಂದ ಸುಳ್ಳು ಹೇಳಿದೆ.

ಮೊದಲ ಸಲ ಆ ಚಿತ್ರವನ್ನು ನಾನು ಪೇಂಟರನ ಕಣ್ಣಿನಿಂದಲೇ ನೋಡಿದೆ. ಅಚ್ಚಿನದಲ್ಲ, ಕೈಯಿಂದ ಬರೆದದ್ದು. ಕುಂಚದ ಗೆರೆ ಎದ್ದು ಕಾಣುತ್ತವೆ. ಎರಡೂ ಬದಿಗೆ ಕಡಿದಾದ ಮಾಡಿನ ಎತ್ತರದ ಮನೆಗಳು. ಸಂಜೆ ಹೊತ್ತು. ಮೂರು ಬೀದಿ ದೀಪ ಹತ್ತಿವೆ, ಅವುಗಳ ಹಳದಿ ಬೆಳಕು ಹಿಮದ ಮೇಲೆ ಬಿದ್ದಿದೆ. ಐದಾರು ಮಂದಿ ತಲೆ ತಗ್ಗಿಸಿ ನಡೆಯುತ್ತಿದ್ದಾರೆ. ಒಂದು ನಾಯಿ ಇದೆ. ಬರೆದವನು ಯಾರೋ, ಕೈ ಚೆನ್ನಾಗಿತ್ತು. ನೆರಳಿಗೆ ನೀಲಿಯನ್ನೇ ಹಾಕಿದ್ದ. ಮನಸ್ಸಿಗೆ ಒಂದು ತರಹದ ಮೌನ ಬಂತು. ನನ್ನ ಕೆಲಸವನ್ನು ಬಲ್ಲ ಒಬ್ಬನಾದರೂ ಈ ದವಾಖಾನೆಯಲ್ಲಿ ಇದ್ದಾನೆ ಅನಿಸಿತು.

ಎರಡನೇ ಸಲ ಹೋದಾಗ ಮೂರು ತಾಸು ಕಾಯಿಸಿ, ಡಾಕ್ಟರು ಬಂದಿಲ್ಲ, ನಾಳೆ ಬರ್ರಿ ಎಂದರು. ಅವತ್ತು ಅದೇ ಚಿತ್ರ ನೋಡಿ ಮೈ ಉರಿಯಿತು. ಐದಾರು ಮಂದಿಯಲ್ಲಿ ಒಬ್ಬರೂ ಇನ್ನೊಬ್ಬರ ಕಡೆ ನೋಡುತ್ತಿಲ್ಲ. ಎಲ್ಲರಿಗೂ ತಮ್ಮ ತಮ್ಮ ಮನೆ ಮುಟ್ಟುವ ಅವಸರ. ಕಿಟಕಿಗಳಲ್ಲಿ ದೀಪ ಇದೆ, ಬಾಗಿಲು ಒಂದೂ ತೆರೆದಿಲ್ಲ. ಹೋದ ಸಲ ಇದನ್ನು ಮೌನ ಎಂದು ತಿಳಿದಿದ್ದೆನಲ್ಲ, ಅದು ಯಾರಿಗೂ ಯಾರ ಗೊಡವೆ ಇಲ್ಲದ ತಣ್ಣಗಿನ ಊರು.

ಮೂರನೇ ಸಲ ನನ್ನ ಪಕ್ಕ ಒಬ್ಬ ಮುದುಕಿ ಕುಳಿತಿದ್ದಳು. ಶಂಕ್ರಮ್ಮ ಎಂದು ಹೆಸರು, ಸಿಮೆಂಟ್ ಕಾರ್ಖಾನೆಯ ವಾಡಿಯವಳು. ತನ್ನ ಕಣ್ಣಿನ ಮೇಲೆ ಕೈ ಅಡ್ಡ ಹಿಡಿದು ಬಹಳ ಹೊತ್ತು ಚಿತ್ರ ನೋಡಿದಳು. ಆಮೇಲೆ ನನ್ನನ್ನು ಕೇಳಿದಳು.

"ಇದು ನಮ್ಮ ವಾಡಿ ಅಲ್ಲೇನೊ ಯಪ್ಪಾ?"

"ಅಲ್ಲಬೇ. ಅದು ಹಿಮ. ಥಂಡಿ ದೇಶದಾಗ ಬೀಳ್ತದ."

"ಏ ಸುಮ್ಕಿರು. ನನಗ ಸಿಮಿಟಿನ ಬೂದಿ ಗುರ್ತ ಸಿಗಂಗಿಲ್ಲೇನು? ಮಾಡಿನ ಮ್ಯಾಲ ನೋಡು, ಗಿಡದ ಮ್ಯಾಲ ನೋಡು, ನಾಯಿ ಬೆನ್ನ ಮ್ಯಾಲ ನೋಡು. ನಾ ಮದಿವ್ಯಾಗಿ ಬಂದಾಗ ನಮ್ಮ ಓಣಿ ಹಿಂಗೇ ಇತ್ತು. ಅಂವ ಬಗ್ಗಿ ಹೊಂಟಾನಲ್ಲ, ಶಿಫ್ಟ್ ಬಿಟ್ಟಾದ. ನಮ್ಮ ಮನ್ಯಾರೂ ಹಂಗೇ ಬಗ್ಗಿ ಬರ್ತಿದ್ರು."

ಆಚೆ ಕುಳಿತ ಸೇಡಂನ ಒಬ್ಬ ಗೃಹಸ್ಥ, "ಸಿಮೆಂಟ್ ಅಲ್ಲವ್ವಾ, ಹತ್ತಿ ಮಿಲ್ಲಿನ ಅರಳೆ ಅದು," ಎಂದ. ಇಬ್ಬರಿಗೂ ವಾದ ಹತ್ತಿತು. ಸುತ್ತಲಿನವರು ಕೆಮ್ಮುತ್ತಲೇ ನಕ್ಕರು. ನಾನೂ ನಕ್ಕೆ. ಹಿಮ ಎಂದು ಹೇಳುವವರು ಅಲ್ಲಿ ನನ್ನೊಬ್ಬನನ್ನು ಬಿಟ್ಟರೆ ಯಾರೂ ಇರಲಿಲ್ಲ.

"ನಿಮ್ಮ ಮನ್ಯಾರು ಈಗ ಹ್ಯಾಂಗಿದ್ದಾರಬೇ?" ಎಂದು ಕೇಳಿದೆ.

"ಹೋಗಿ ಭಾಳ ವರ್ಷ ಆತು. ಟಿಬಿ ಅಂದ್ರು. ಡಬ್ಬಿಗಟ್ಲೆ ಗುಳಿಗಿ ನುಂಗಿದ್ರು. ಸಾಯೂ ಮುಂದ ಒಬ್ಬ ಡಾಕ್ಟರ್ ಅಂದ, ಇದು ಟಿಬಿ ಅಲ್ಲವ್ವಾ, ಎದ್ಯಾಗ ಬೂದಿ ಕುಂತದ ಅಂತ." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ದಿನಾ ಬೆಲ್ಲ ತಿಂತಿದ್ರೊ ಯಪ್ಪಾ. ನಾನೇ ಕಟ್ಟಿ ಕೊಡ್ತಿದ್ದೆ."

ತೊಡೆಯ ಮೇಲಿದ್ದ ಚೀಲದಿಂದ ನನ್ನ ಎಕ್ಸ್‌ರೇ ಹಾಳೆಯನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಎಂಟು ತಿಂಗಳಿಂದ ನನ್ನ ಹತ್ತಿರವೇ ಇದ್ದ ಹಾಳೆ. ಚಿತ್ರ ಬರೆಯುವವನಾಗಿಯೂ ಅದನ್ನು ಚಿತ್ರದಂತೆ ಒಮ್ಮೆಯೂ ನೋಡಿರಲಿಲ್ಲ. ಎರಡೂ ಕಡೆ, ಮೇಲಿನಿಂದ ಕೆಳಗಿನ ತನಕ, ಒಂದೇ ಅಳತೆಯ ಬಿಳಿ ಚುಕ್ಕೆ. ಗೋಡೆಯ ಮೇಲೆ ಬೀಳುತ್ತಿದ್ದದ್ದೇ ನನ್ನೊಳಗೂ ಬೀಳುತ್ತಿತ್ತು. ಕಿಟಕಿಗೆ ಗೋಣಿತಟ್ಟು ಹೊಡೆದ ಕೋಣೆ ಕಣ್ಣಮುಂದೆ ಬಂತು.

ಪಾಳಿ ಬಂದಾಗ ಒಳಗೆ ಹೋಗಿ, ಕುಳಿತುಕೊಳ್ಳುವ ಮೊದಲೇ ಹೇಳಿದೆ. "ಡಾಕ್ಟರ್ ಸಾಹೇಬ್ರ, ನಾ ಪೇಂಟರ್ ಅಲ್ರಿ. ಹನ್ನೊಂದು ವರ್ಷ ಕಲ್ಲಿಗೆ ಮರಳು ಹೊಡಿಯೂ ಕೆಲ್ಸ ಮಾಡೀನಿ. ಸಣ್ಣ ಕ್ವಾಣಿ. ಧೂಳ ಅಂದ್ರ ಧೂಳ."

ಅವರು ಪೆನ್ನು ಕೆಳಗಿಟ್ಟರು. ವಯಸ್ಸಾದ ಡಾಕ್ಟರು, ಮೊದಲ ಸಲವೂ ನನ್ನನ್ನು ನೋಡಿದವರು. ಹಾಳೆಯನ್ನು ಮತ್ತೆ ದೀಪಕ್ಕೆ ಹಾಕಿದರು.

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?" ಎಂದರು.

ನನ್ನ ಜನ್ಮದಲ್ಲಿ ಅಷ್ಟು ಸಿಟ್ಟು ಬಂದದ್ದಿಲ್ಲ. "ಯಾವ ಡಾಕ್ಟರ್ ಕೇಳಿದ್ರಿ ನನಗ? ಬೀಡಿ ಕೇಳಿದ್ರು, ಸೆರೆ ಕೇಳಿದ್ರು. ನನ್ನ ಕೈ ನೋಡ್ರಿ. ಈ ಕೈ ನೋಡಿ ಒಬ್ಬರರೆ ಕೇಳಬಾರದೇನ್ರಿ ಏನ್ ಕೆಲ್ಸ ಮಾಡ್ತಿಯಪ್ಪಾ ಅಂತ? ಎಂಟು ತಿಂಗಳ ಇಲ್ಲದ ರೋಗಕ್ಕ ಗುಳಿಗಿ ನುಂಗೀನಿ. ಮೊಮ್ಮಗಳನ್ನ ಮುಟ್ಟಿಲ್ಲ." ಅಷ್ಟಕ್ಕೆ ಉಸಿರು ಕಟ್ಟಿತು. ಮೇಜು ಹಿಡಿದು ನಿಂತೆ. ಜಗದೇವಿ ಹೊರಗಿನಿಂದ ಓಡಿ ಬಂದಳು.

ಡಾಕ್ಟರು ಎದ್ದು ಬಂದು ತಾವೇ ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಶಾಂತ ಇರಿ ಎಂದು ಅವರು ಮಾತ್ರ ಹೇಳಲಿಲ್ಲ. "ನಾನೂ ಕೇಳಬೇಕಿತ್ತು. ತಪ್ಪಾಯ್ತು," ಎಂದರು. ಈ ಎರಡು ವರ್ಷದಲ್ಲಿ ನನಗೆ ಯಾರಾದರೂ ತಪ್ಪಾಯ್ತು ಎಂದದ್ದು ಅದೊಂದೇ ಸಲ. ಸಿಟ್ಟು ಹೋಗಲಿಲ್ಲ, ಆದರೆ ಅವರ ಮೇಲಿನದು ಸ್ವಲ್ಪ ಇಳಿಯಿತು.

ಸ್ಕ್ಯಾನ್ ಆಯಿತು, ಇನ್ನೂ ಏನೇನೋ ಆಯಿತು. ಕೊನೆಗೆ ಕಾಗದದ ಮೇಲೆ ಹೊಸ ಹೆಸರು ಬಂತು, ಸಿಲಿಕೋಸಿಸ್. ಕನ್ನಡದಲ್ಲಿಯೂ ಬರೆದುಕೊಡ್ರಿ ಎಂದು ಹಟ ಹಿಡಿದೆ. "ಕಲ್ಲು ಮರಳಿನ ಧೂಳಿನಿಂದ ಬಂದ ಶ್ವಾಸಕೋಶದ ರೋಗ," ಎಂದು ಬರೆದು ಸಹಿ ಹಾಕಿದರು.

"ಇದು ಕರಗಂಗಿಲ್ಲೇನ್ರಿ?" ಎಂದು ಜಗದೇವಿ ಕೇಳಿದಳು.

"ಕರಗೋದಿಲ್ಲಮ್ಮ. ಕಲ್ಲಲ್ವಾ? ಇದ್ದಷ್ಟನ್ನ ಕಾಪಾಡಿಕೊಳ್ಳಬೇಕು. ಇನ್ನು ಧೂಳಿನ ಹತ್ತಿರ ಹೋಗಬಾರದು. ಆ ಕೋಣೆಯಲ್ಲಿ ಇನ್ನೂ ಯಾರಾದರೂ ಕೆಲಸ ಮಾಡ್ತಿದ್ದಾರಾ?"

ಜಗದೇವಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಆ ಕಾಗದ ಹಿಡಿದು ನೇರವಾಗಿ ಶೆಡ್ಡಿಗೇ ಹೋದೆ. ಪೈಪು ನಿಲ್ಲಿಸಿ ಎಂದು ಕೂಗಿದೆ, ಕೇಳಿಸಲಿಲ್ಲ. ನಾನೇ ಕಂಪ್ರೆಸರ್ ಬಂದ್ ಮಾಡಿದೆ. ಧೂಳಿನೊಳಗಿನಿಂದ ರೇವಣಸಿದ್ಧ ಹೊರಗೆ ಬಂದ. ಹುಬ್ಬು, ಮೀಸೆ, ರೆಪ್ಪೆ ಎಲ್ಲ ಬೆಳ್ಳಗಾಗಿ ನನಗಿಂತ ಮುದುಕನಾಗಿ ಕಂಡ. ಕಾಗದ ಕೊಟ್ಟೆ. ಸಾವಕಾರನೂ ಬಂದು ಇಣುಕಿದ.

"ಇದೇನ್ ಹೊಸಾ ರೋಗಪ್ಪಾ? ಡಾಕ್ಟರ್ ಮಂದಿ ದಿನಕ್ಕೊಂದು ಹೆಸರು ಹೇಳ್ತಾರ. ನಮ್ಮಪ್ಪನ ಕಾಲದಿಂದ ಇಲ್ಲಿ ಮಂದಿ ಕೆಲ್ಸ ಮಾಡ್ಯಾರ," ಎಂದ.

"ಅವರೆಲ್ಲ ಈಗ ಎಲ್ಲಿದ್ದಾರ್ರಿ ಸಾವಕಾರ?" ಎಂದೆ. "ಅವರ ಸಮಾಧಿ ಕಲ್ಲು ಇಲ್ಲೇ ಕೊರದೀವಿ. ನಾನೇ ನಾಕು ಮಂದೀದು ಬರದೀನಿ."

ರೇವಣಸಿದ್ಧ ಕಾಗದವನ್ನು ಮಡಚಿ ನನ್ನ ಜೇಬಿಗೆ ಇಟ್ಟ. "ನನಗ ಏನೂ ಆಗಿಲ್ಲಣ್ಣಾ. ನೀ ಮನೀಗಿ ಹೋಗು, ಉಸಿರು ಹತ್ತಲಿಕತ್ತದ," ಎಂದು ಮತ್ತೆ ಒಳಗೆ ಹೋದ. ಕಂಪ್ರೆಸರ್ ಚಾಲೂ ಆಯಿತು. ಎರಡು ದಿನದ ನಂತರ ಸಾವಕಾರ ನನ್ನ ಆರೋಗ್ಯಕ್ಕೆಂದು ಮನೆಗೆ ಒಂದು ಪೆಂಟಿ ಬೆಲ್ಲ ಕಳಿಸಿದ. ಜಗದೇವಿ ಅದನ್ನು ತಂದವನ ಕೈಯಲ್ಲೇ ವಾಪಸ್ ಕಳಿಸಿದಳು.

ಚಿಂಚೋಳಿಗೆ ಮತ್ತೆ ಹೋದೆವು. ಕಾಗದವನ್ನು ಬೀಗರ ಮುಂದೆ ಇಟ್ಟೆ. ಮುಟ್ಟಿದರೆ ಅಂಟುವ ರೋಗ ಅಲ್ಲ ಎಂಬಲ್ಲಿ ಡಾಕ್ಟರು ಎರಡು ಗೆರೆ ಎಳೆದಿದ್ದರು. ಬೀಗರು ಓದಿ, ಮುಖ ಸಣ್ಣದು ಮಾಡಿಕೊಂಡು, ಒಳಗೆ ಬರ್ರಿ ಎಂದರು. ಮಗಳು ಕೂಸನ್ನು ತಂದು ನನ್ನ ತೊಡೆಯ ಮೇಲೆ ಹಾಕಿದಳು. ಆಗಲೇ ಒಂದು ವರ್ಷ ತುಂಬಿತ್ತು. ನನ್ನ ಗುರುತು ಸಿಗದೆ ಗಟ್ಟಿಯಾಗಿ ಅತ್ತಿತು. ಎಂಥ ಉಸಿರು ಅದರದು. ಕೇಳುತ್ತ ಕುಳಿತೆ.

ರೇವಣಸಿದ್ಧನ ಜತೆ ನಾನು ಮೂರು ತಿಂಗಳು ಮಾತು ಬಿಟ್ಟೆ. ಆಮೇಲೆ ಒಂದು ದಿನ ಅವನಾಗಿಯೇ ಬಂದ. ಜಗದೇವಿಗೆ ಜ್ವರ ಇತ್ತು, ನನ್ನನ್ನು ಕಲಬುರಗಿಗೆ ಕರೆದೊಯ್ಯುವವರು ಇರಲಿಲ್ಲ. "ನಡಿ, ನಾ ಬರ್ತೀನಿ," ಎಂದ. ಶಹಾಬಾದ್ ಸ್ಟೇಷನ್ನಿನ ಸೇತುವೆ ಹತ್ತುವಾಗ ನಾನು ಮೂರು ಸಲ ನಿಂತೆ. ಮೂರನೇ ಸಲ ತಿರುಗಿ ನೋಡಿದರೆ ಅವನೂ ಕಟಕಟೆ ಹಿಡಿದು ನಿಂತಿದ್ದ. ಮೊದಲ ಎರಡು ಸಲವೂ ನನ್ನ ಸಲುವಾಗಿ ನಿಂತನೋ ತನ್ನ ಸಲುವಾಗಿ ನಿಂತನೋ ಗೊತ್ತಿಲ್ಲ.

ದವಾಖಾನೆಯಲ್ಲಿ ನನ್ನ ಚೀಟಿ ಮಾಡಿಸಲು ಅವನನ್ನೇ ಕೌಂಟರಿಗೆ ಕಳಿಸಿದೆ. ಬಹಳ ಹೊತ್ತು ಅಲ್ಲೇ ನಿಂತಿದ್ದ. ಆ ಹೆಣ್ಣುಮಗಳು ಏನೋ ಕೇಳುತ್ತಿದ್ದಳು. ಆಮೇಲೆ ಅವನ ದನಿ ಕೇಳಿತು.

"ಇನ್ನೊಂದು ಚೀಟಿ ಮಾಡ್ರಿ. ನನ್ನ ಹೆಸರಿಗಿ. ರೇವಣಸಿದ್ಧ. ಉದ್ಯೋಗ..." ಎಂದು ನಿಲ್ಲಿಸಿದ. ನಾನು ಕುರ್ಚಿಯಿಂದ ಅರ್ಧ ಎದ್ದೆ. "ಕಲ್ಲಿನ ಕೆಲ್ಸರಿ. ಮರಳು ಹೊಡೀತೀನಿ. ಏಳು ವರ್ಷ ಆತು. ಹಂಗೇ ಬರ್ಕೊರ್ರಿ, ಧೂಳು ಅಂತ ಸೈತ ಬರೀರಿ."

ಎಕ್ಸ್‌ರೇ ಕೋಣೆಗೆ ಹೋಗುವ ಮುಂದೆ ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟ. ಜೇಬಿನಲ್ಲಿ ಕಾಗದದಲ್ಲಿ ಸುತ್ತಿದ ಬೆಲ್ಲದ ಉಂಡೆ ಇತ್ತು, ಹಿಂದಿನ ದಿನದ್ದು, ತಿನ್ನದೇ ಇಟ್ಟುಕೊಂಡದ್ದು. ಬಾಗಿಲು ಮುಚ್ಚಿತು. ಒಳಗಿನಿಂದ, "ಜೋರಾಗಿ ಉಸಿರು ಎಳ್ಕೊರ್ರಿ, ಹಿಡೀರಿ," ಎಂದು ಕೇಳಿತು. ಹೊರಗೆ ನಾನೂ ಹಿಡಿದೆ. ನನ್ನದು ಬಹಳ ನಿಲ್ಲುವುದಿಲ್ಲ. ಬಿಡ್ರಿ ಎನ್ನುವ ಮೊದಲೇ ಬಿಟ್ಟೆ.

ಡಾಕ್ಟರು ಅವನ ಹಾಳೆಯನ್ನು ದೀಪಕ್ಕೆ ಹಾಕಿದಾಗ ನಾನೇ ಮೊದಲು ನೋಡಿದೆ. ಹಿಮ ಶುರುವಾಗಿತ್ತು. ಮೇಲಿನ ಎರಡು ಮೂಲೆಗಳಲ್ಲಿ, ತೆಳ್ಳಗೆ. ಕೆಳಗೆ ಎಲ್ಲ ಇನ್ನೂ ಕಪ್ಪಗೆ, ಸ್ವಚ್ಛ.

"ಇವತ್ತಿಂದಲೇ ಬಿಟ್ಟರೆ ಇಷ್ಟಕ್ಕೇ ನಿಲ್ಲಬಹುದು," ಎಂದರು ಡಾಕ್ಟರು. "ಗ್ಯಾರಂಟಿ ಕೊಡೋಕಾಗಲ್ಲ. ಬಿಡದೇ ಇದ್ದರೆ ಮಾತ್ರ ನಿಮ್ಮಣ್ಣನ ಹಾಗೇ ಆಗೋದು ಗ್ಯಾರಂಟಿ."

"ಬಿಟ್ಟೀನ್ರಿ," ಎಂದ ರೇವಣಸಿದ್ಧ.

ಹೊರಗೆ ಬಂದು ಔಷಧಿಯ ಪಾಳಿಗೆ ಕುಳಿತೆವು. ಅವನು ಆಗ ಮೊದಲ ಸಲ ತಲೆಯೆತ್ತಿ ಆ ಚಿತ್ರ ನೋಡಿದ. ಎದ್ದು ಹತ್ತಿರ ಹೋದ. ಮೂಗು ತಾಗುವಷ್ಟು ಹತ್ತಿರ ನಿಂತು, ಬೀದಿಯಲ್ಲಿ ನಡೆಯುವ ಒಬ್ಬೊಬ್ಬರನ್ನೂ ಬೆರಳಿಟ್ಟು ನೋಡಿದ. ನಾನು ಒಂದು ವರ್ಷದಿಂದ ಬೆಳಕು ನೋಡಿದ್ದೆ, ನೆರಳಿನ ನೀಲಿ ನೋಡಿದ್ದೆ, ಮುಚ್ಚಿದ ಬಾಗಿಲು ನೋಡಿ ಸಿಟ್ಟು ಮಾಡಿದ್ದೆ. ಅವನಿಗೆ ಅದ್ಯಾವುದೂ ಬೇಡವಾಗಿತ್ತು.

"ಅಣ್ಣಾ, ಇಲ್ಲಿ ಬಾ. ಇವ್ರೆಲ್ಲ ಮೂಗಿಗಿ ಬಟ್ಟಿ ಕಟ್ಕೊಂಡಾರ ನೋಡು."

ಹೋಗಿ ನೋಡಿದೆ. ಹೌದು. ಗಂಡಸರು, ಹೆಂಗಸರು, ಕೈಹಿಡಿದು ನಡೆಸುತ್ತಿರುವ ಒಂದು ಮಗು, ಎಲ್ಲರಿಗೂ ಕುತ್ತಿಗೆಯಿಂದ ಮೂಗಿನ ತನಕ ದಪ್ಪನೆಯ ಉಣ್ಣೆಯ ವಸ್ತ್ರ. ಯಾರೂ ಅವರನ್ನು ನೋಡಿ ಹೊಸ ಸೊಸೆ ಎಂದು ನಗುತ್ತಿಲ್ಲ.

"ಈ ಹಿಮ ಅಂದ್ರ ಏನಣ್ಣಾ, ಕಲ್ಲೇನು?"

"ನೀರು. ಬಿಸಿಲು ಬಿದ್ರ ಕರಗಿ ಹೋಗ್ತದ."

ಅವನು ಅಂಗಿಯ ಜೇಬಿನಿಂದ ಬೆಲ್ಲ ತೆಗೆದು, ಕಫ ಉಗುಳಲು ಇಟ್ಟ ಬುಟ್ಟಿಗೆ ಹಾಕಿದ.

"ಬರೇ ನೀರಿಗಿ ಇಷ್ಟು ಕಟ್ಕೊಂಡಾರ," ಎಂದ. "ನಮಗ ಬೆಲ್ಲ ಕೊಟ್ರು."